ಕಿವಿಗೆ ಕಂಡದ್ದು

ಕೆರೆಯಲ್ಲಿ ಮುಳುಗಿ ಕಣ್ಣು ತೆರೆದವರಿಗೆ ಎಲ್ಲವೂ ಮಸುಕಾಗಿ ತೋರುವುದಷ್ಟೆ? ಗಾಳಿಯಿಂದ ಕಣ್ಣನ್ನು ಹೊಗುವಾಗ ಬಾಗುವ ಬೆಳಕು, ನೀರಿನಿಂದ ಹೊಗುವಾಗ ಅಷ್ಟು ಬಾಗದು. ಡಾಲ್ಫಿನ್ನಿನ ಕಣ್ಣಿನ ಮಸೂರವಾದರೋ ಗೋಲಿಯಂತೆ ದುಂಡಗಿದ್ದು ಈ ಕೊರತೆಯನ್ನು ತುಂಬಿಕೊಡುತ್ತದೆ. ಆದರೆ ಬಣ್ಣವನ್ನರಿಯುವ ಶಂಕುಕೋಶಗಳು ನಮಗೆ ಮೂರು ಬಗೆ, ಅದಕ್ಕೆ ಒಂದೇ. ಕದಡಿದ ನೀರಿನಲ್ಲಿ ಎಂಥ ಕಣ್ಣೂ ಸೋಲಲೇಬೇಕು. ಆಗ ಅದು ಸದ್ದಿನಿಂದ ನೋಡುತ್ತದೆ. ಹಣೆಯ ಕೊಬ್ಬಿನ ಮೂಲಕ ಚಿಟಿಕೆಯಂಥ ಸದ್ದುಗಳನ್ನು ಮುಂದಕ್ಕೆಸೆದು, ವಸ್ತುವಿಗೆ ತಾಕಿ ಮರಳುವ ಪ್ರತಿಧ್ವನಿಯನ್ನು ಕೆಳದವಡೆಯಿಂದ ಒಳಗಿವಿಗೆ ಮುಟ್ಟಿಸಿಕೊಳ್ಳುತ್ತದೆ.

ಹವಾಯಿಯಲ್ಲಿ ಎಲೆಲೆ ಎಂಬ ಡಾಲ್ಫಿನ್ ಇತ್ತು. (ನಮ್ಮ ಕಾಸರಗೋಡಿನವರಿಗೆ ಯಕ್ಷಗಾನದ ವೇಷಧಾರಿ ಎದುರಾಳಿಯನ್ನು ಗದರಿದಂತೆ ಕೇಳಿಸೀತು, ಆ ನಾಡಿನ ನುಡಿಯಲ್ಲಿ ‘ದೂತ’ ಎಂದರ್ಥ.) ಆಡಂ ಪ್ಯಾಕ್ ಮತ್ತು ಲೂಯಿ ಹರ್ಮನ್ ಎಂಬವರು ಒಂದು ವಸ್ತುವನ್ನು ಸದ್ದು ಮಾತ್ರ ಹಾಯುವ ಕಪ್ಪು ಪೆಟ್ಟಿಗೆಯಲ್ಲಿಟ್ಟು ಅದರ ಮುಂದೊಡ್ಡಿದರು. ಬಳಿಕ ವಸ್ತುಗಳನ್ನು ನೀರಿನ ಮೇಲೆ, ಕಣ್ಣಿಗೆ ಮಾತ್ರ ನಿಲುಕುವಂತೆ ಹಿಡಿದರು. ಕಿವಿ ಅರಿತುದನ್ನು ಎಲೆಲೆಯ ಕಣ್ಣು ಒಡನೆ ಗುರುತಿಸಿತು. ಇದು ಪ್ರಕಟವಾದದ್ದು 1995ರಲ್ಲಿ.

ಈ ಸಂಗತಿ ನನ್ನನ್ನು ಹಿಡಿದು ನಿಲ್ಲಿಸಲು ಕಾರಣವುಂಟು. ಕೆಲವು ವರ್ಷಗಳಿಂದ ನನ್ನ ನೋಟದ ಅಂಚುಗಳು ಕುಗ್ಗುತ್ತಿವೆ; ಹೋದ ದೃಷ್ಟಿ ಮರಳದೆಂದು ವೈದ್ಯರ ಮಾತು. ಕಪಾಟಿನ ಪುಸ್ತಕಗಳನ್ನು ಬೆನ್ನು ಸವರಿ ತಿಳಿಯುವ ಅಭ್ಯಾಸ ತೊಡಗಿದ್ದೇನೆ. ಕೈ ಅರಿತ ಪುಸ್ತಕವೂ ಕಣ್ಣು ಅರಿತ ಪುಸ್ತಕವೂ ಮನಸ್ಸಿನಲ್ಲಿ ಒಂದೆಯೆ?

ಈ ಪ್ರಶ್ನೆ ಹಳೆಯದು. ಹುಟ್ಟುಕುರುಡನೊಬ್ಬ ಗೋಳವನ್ನೂ ಘನವನ್ನೂ ಮುಟ್ಟಿ ಬಲ್ಲವನಾಗಿದ್ದು, ಆಮೇಲೆ ಕಣ್ಣು ಬಂದರೆ ಅವನ್ನು ನೋಟದಿಂದಲೇ ಗುರುತಿಸಬಲ್ಲನೆ ಎಂದು 1688ರಲ್ಲಿ ಐರ್ಲೆಂಡಿನ ವಿಲಿಯಂ ಮಾಲಿನ್ಯೂ ತತ್ತ್ವಜ್ಞ ಜಾನ್ ಲಾಕರಿಗೆ ಬರೆದರು. ಅವರ ಪತ್ನಿ ದೃಷ್ಟಿ ಕಳೆದುಕೊಂಡಿದ್ದರೆಂಬುದನ್ನು ಮರೆತು ಆ ಪ್ರಶ್ನೆಯನ್ನು ಓದಲು ನನಗಾಗದು. ಉತ್ತರ ದೊರೆತದ್ದು ನಮ್ಮ ದೇಶದ ಮಕ್ಕಳಿಂದ. ಶಸ್ತ್ರಚಿಕಿತ್ಸೆಯಿಂದ ಕಣ್ಣು ಪಡೆದ ಐವರು, ಕೈಯಲ್ಲಿ ಹಿಡಿದುದನ್ನು ನೋಟದಿಂದ ಕೂಡಲೆ ಗುರುತಿಸಲಾರದೆ ಹೋದರೆಂದು 2011ರಲ್ಲಿ ಪವನ್ ಸಿನ್ಹಾ ಮತ್ತು ಸಂಗಡಿಗರು ವರದಿ ಮಾಡಿದರು. ಕೆಲವೇ ದಿನಗಳಲ್ಲಿ ಅದು ಸುಧಾರಿಸಿತೆಂಬುದು ಸಮಾಧಾನ.

ಎಲೆಲೆಗಾದರೋ ಎರಡು ಇಂದ್ರಿಯಗಳೂ ಮೊದಲಿನಿಂದ ಜೊತೆಗೂಡಿ ಪಳಗಿದ್ದವು. ಇಷ್ಟು ವರ್ಷ ನೋಡಿಯೂ ಮುಟ್ಟಿಯೂ ಬಾಳಿದ ನಾನು ಡಾಲ್ಫಿನ್ನಿನ ಪಕ್ಷದವನೆಂದೇ ಎಣಿಸುತ್ತೇನೆ. ಅಕ್ಷರಗಳನ್ನು ಮಾತ್ರ ಕೈಯಿಂದ ಸವರಿ ಓದುವಂತಿಲ್ಲ. ಸಂಜೆ ಮಗಳು ಓದಿ ಹೇಳುತ್ತಾಳೆ. ಹಿಂದೆ ನಾನೇ ಓದಿದ ಪುಟವಾದರೆ, ಆ ವಾಕ್ಯ ಎಡಬದಿಯ ಹಾಳೆಯಲ್ಲಿ, ಕೆಳಗಿನಿಂದ ಮೂರನೆಯ ಸಾಲಿನಲ್ಲಿ ನಿಂತಿರುವುದು ನನಗೆ ಕಾಣುತ್ತದೆ.