ತೊಗಟೆಯ ಮೇಲಿನ ಬಿಳಿ ಮಚ್ಚೆ

ದೆಹಲಿಯ ಪೀತಮ್‌ಪುರದ ನಮ್ಮ ಪಾರ್ಕಿನಲ್ಲಿ ಮರಗಳಿಗೇನೂ ಬರವಿಲ್ಲ. ಬೇವು, ಅಶೋಕ, ನಮ್ಮ ಕಡೆಯ ಹಾಲೆ ಮರ, ಎಲ್ಲವೂ ಇವೆ. ಆದರೆ ಯಾವ ಕಾಂಡ ಮುಟ್ಟಿದರೂ ಬೆರಳಿಗೆ ಮಸಿ. ಅತ್ತ ವಜೀರ್‌ಪುರದ ಕಾರ್ಖಾನೆಗಳು, ಇತ್ತ ಔಟರ್ ರಿಂಗ್ ರೋಡಿನ ಹೊಗೆ. ಇಷ್ಟು ವರ್ಷ ಕಳೆದರೂ ಇಲ್ಲಿನ ತೊಗಟೆಯ ಮೇಲೆ ಒಂದೇ ಒಂದು ಬಿಳಿ ಮಚ್ಚೆ ನನ್ನ ಕಣ್ಣಿಗೆ ಬಿದ್ದಿಲ್ಲ.

ನಮ್ಮೂರ ಕಡೆ, ತೀರ್ಥಹಳ್ಳಿ, ಕೊಪ್ಪದ ಸೀಮೆಯಲ್ಲಿ ಬೋಳು ಕಾಂಡದ ಮರವೇ ಅಪರೂಪವಾಗಿತ್ತು. ಅಡಿಕೆ ಮರದ ಮೈತುಂಬ ಬಿಳಿ, ಬೂದು, ತೆಳುಹಸಿರು ಮಚ್ಚೆಗಳು. ಮೂಗು ತಾಗುವಷ್ಟು ಹತ್ತಿರ ಹೋದರೆ ಕೆಲವದರ ಮೇಲೆ ಸಣ್ಣ ಕಪ್ಪು ಗೀರುಗಳು, ಎಳೆ ಹುಡುಗರು ಸ್ಲೇಟಿನಲ್ಲಿ ಗೀಚಿದ ಹಾಗೆ. ಮುಳ್ಳಯ್ಯನಗಿರಿಯ ಶೋಲಾ ಕಾಡಿನಲ್ಲಂತೂ ಕೊಂಬೆಕೊಂಬೆಗೂ ಬೂದುಹಸಿರು ಗಡ್ಡ. ಬೇಸಿಗೆಯಲ್ಲಿ ಮುಟ್ಟಿದರೆ ಪುಡಿಪುಡಿ. ಒಂದು ಮಳೆ ಬೀಳಲಿ, ಮೆತ್ತಗಾಗಿ ಹಸಿರೇರುತ್ತಿತ್ತು.

ಇವೆಲ್ಲ ಲೈಕೆನ್‌ಗಳು, ಶಿಲೀಂಧ್ರವೂ ಪಾಚಿಯೂ ಕೂಡಿ ಹೂಡಿದ ಸಂಸಾರ. ಬೇರಿಲ್ಲ. ಮಳೆ, ಮಂಜು, ಗಾಳಿ ಕೊಟ್ಟಿದ್ದೇ ಊಟ, ವಿಷ ಕೊಟ್ಟರೆ ಅದೂ ಒಳಕ್ಕೆ. ಪ್ಯಾರಿಸ್ಸಿನ ಲಕ್ಸಂಬರ್ಗ್ ಉದ್ಯಾನದ ಲೈಕೆನ್‌ಗಳನ್ನು ನೋಡಿ, ಇವು ಊರಿನ ಗಾಳಿಯ ಗುಣವನ್ನೇ ಹೇಳುತ್ತವೆ ಎಂದು ಲೈಕೆನ್ ತಜ್ಞ ವಿಲಿಯಂ ನೈಲಾಂಡರ್ 1866ರಲ್ಲೇ ಬರೆದ. ದೆಹಲಿಯ ಗಾಳಿಯನ್ನು ಅಳೆಯುವ ಯಂತ್ರಗಳು ಬರುವ ಎಷ್ಟೋ ಮುಂಚೆ ಇಲ್ಲಿನ ಮರಗಳು ಫಲಿತಾಂಶ ಪ್ರಕಟಿಸಿದ್ದವು, ಓದಿದವರಿಲ್ಲ ಅಷ್ಟೇ.

ನಮ್ಮೂರಿನಲ್ಲಿ ಗಾಳಿ ಇನ್ನೂ ಪರವಾಗಿಲ್ಲ, ಮರಗಳೇ ಬದಲಾಗುತ್ತಿವೆ. ಕಾಫಿ ತೋಟದ ನೆರಳಿಗಿದ್ದ ಹಳೆಯ ಕಾಡುಮರಗಳು ಹೋಗಿ ಸಾಲುಸಾಲು ಸಿಲ್ವರ್ ಓಕ್ ಬಂತು. ಒರಟು ತೊಗಟೆಗೆ ಒಂದು ಜಾತಿಯ ಲೈಕೆನ್, ನುಣುಪು ತೊಗಟೆಗೆ ಇನ್ನೊಂದು, ನೆರಳಿಗೆ ಮತ್ತೊಂದು. ಮರದ ವೈವಿಧ್ಯ ಹೋದಮೇಲೆ ಇವೆಲ್ಲಿ ಇರಬೇಕು? ವರ್ಷಕ್ಕೆ ಕೆಲವೇ ಮಿಲಿಮೀಟರ್ ಬೆಳೆಯುವ ಬಡಪಾಯಿ, ಅವಸರದಲ್ಲಿ ಜಾಗ ಬದಲಿಸಲಾರದು.

ಈಗ ನನಗೆ ಲೈಕೆನ್‌ನ ಭೇಟಿ ದೆಹಲಿಯ ಖಾರಿ ಬಾವ್ಲಿಯ ಮಸಾಲೆ ಅಂಗಡಿಯಲ್ಲಿ ಮಾತ್ರ. ಅಲ್ಲಿ ಪತ್ಥರ್ ಫೂಲ್, ನಮ್ಮಲ್ಲಿ ಕಲ್ಲುಹೂವು. ಕುಮಾವೂಂ ಬೆಟ್ಟಗಳ ಓಕ್ ಕೊಂಬೆಗಳಿಂದ ಕಿತ್ತು ಇಳಿಸಿದ ಸರಕೂ ಇದರಲ್ಲಿರುತ್ತದೆ. ಮೇಲೆ ಬೂದಿ, ಕೆಳಗೆ ಕಪ್ಪು, ಹಗುರ. ಆರಿಸಲು ಕುಳಿತರೆ ತೊಗಟೆಯ ಚೂರುಗಳು ಇನ್ನೂ ಅಂಟಿಕೊಂಡೇ ಇರುತ್ತವೆ. ಹಸಿಯಾಗಿ ಮೂಸಿದರೆ ಅಂಥದ್ದೇನೂ ಇಲ್ಲ. ಕಾದ ಎಣ್ಣೆಗೆ ಬಿದ್ದಾಗ ಮಾತ್ರ ಒದ್ದೆ ಕಾಡಿನ ವಾಸನೆ ಏಳುತ್ತದೆ, ಅಮ್ಮನ ಅಡುಗೆಮನೆ ನೆನಪಾಗುತ್ತದೆ.

ಉತ್ತರಾಖಂಡದ ಅರಣ್ಯ ಇಲಾಖೆ 2020ರಲ್ಲಿ ಮುನ್‌ಸಿಯಾರಿಯಲ್ಲಿ ಲೈಕೆನ್ ಉದ್ಯಾನವನ್ನೇ ಮಾಡಿತು. ಒಳ್ಳೆಯ ಕೆಲಸ. ಆದರೆ ನಮ್ಮ ಡಬ್ಬಕ್ಕೆ ಬರುವ ಕಲ್ಲುಹೂವನ್ನು ಯಾರೂ ಹೊಲದಲ್ಲಿ ಬೆಳೆಯುವುದಿಲ್ಲ, ಕಾಡಿನಿಂದ ಕೀಳಲೇಬೇಕು. ಪಲಾವಿಗೆ ಎರಡು ಎಸಳು ಸಾಕು. ಅಗ್ಗವೆಂದು ಕಾಲು ಕೆಜಿ ತಂದು ಹುಳ ಹಿಡಿಸಬೇಡಿ.