ಹೊಸ ಕೋಚ್, ಮೂರು ಸೀಸನ್, ಮೂರು ಅಭಿಪ್ರಾಯ 🏀

ಫ್ಯಾನ್ ಡೈರಿ | ಭಾಗ 4

ಮೈಕಲ್ ಜೋರ್ಡನ್ ಆಡಿದ ಕಾಲೇಜು ಯಾವ್ದು ಅಂದ್ರೆ ನಿಮ್ಮಲ್ಲಿ ಅರ್ಧ ಜನ ಥಟ್ ಅಂತ ಹೇಳ್ತೀರಿ: ನಾರ್ತ್ ಕ್ಯಾರೊಲೈನಾ. ನನ್ನ ಟೀಮೂ ಅದೇ, ತಿಳಿ ನೀಲಿ ಜೆರ್ಸಿಯವರು. 2021ರ ಏಪ್ರಿಲ್‌ನಲ್ಲಿ ಅಲ್ಲಿನ ಕೋಚ್ ರಾಯ್ ವಿಲಿಯಮ್ಸ್ ನಿವೃತ್ತರಾದ್ರು. ಮೂರು ಸಲ ರಾಷ್ಟ್ರೀಯ ಚಾಂಪಿಯನ್‌ಷಿಪ್ ಗೆಲ್ಲಿಸಿಕೊಟ್ಟವರು ಅವರು. ಆ ಜಾಗಕ್ಕೆ ಬಂದವರು ಅವರದೇ ಅಸಿಸ್ಟೆಂಟ್ ಹ್ಯೂಬರ್ಟ್ ಡೇವಿಸ್. ಅದೇ ಕಾಲೇಜಿನ ಹಳೇ ಆಟಗಾರ, ಎನ್‌ಬಿಎಯಲ್ಲಿ 12 ಸೀಸನ್ ಆಡಿದವರು. ಆದ್ರೆ ಕಾಲೇಜಿನ ಮುಖ್ಯ ತಂಡವೊಂದಕ್ಕೆ ಹೆಡ್ ಕೋಚ್ ಆಗಿದ್ದ ಅನುಭವ ಸೊನ್ನೆ.

👉 ಮೊದಲ ಅಭಿಪ್ರಾಯ: ಒಳ್ಳೇ ಮನುಷ್ಯ, ಆದ್ರೆ ಈ ಕೆಲಸ ಭಾರ ಆಯ್ತು.

ಡಿಸೆಂಬರ್‌ನಲ್ಲಿ ಕೆಂಟಕಿ ಎದುರು 98-69. ಜನವರಿಯಲ್ಲಿ ಮಯಾಮಿ ಎದುರು 85-57. ಫೆಬ್ರವರಿಯಲ್ಲಿ ನಮ್ಮದೇ ಅಂಗಳದಲ್ಲಿ ಡ್ಯೂಕ್ ಎದುರು 87-67. ಡ್ಯೂಕ್ ಅಂದ್ರೆ ಪಕ್ಕದ ಊರಿನ ಬದ್ಧ ವೈರಿ. ಇಷ್ಟು ಸೋತ ಮೇಲೆ ಯಾವ ಫ್ಯಾನ್ ಸುಮ್ನಿರ್ತಾನೆ ಹೇಳಿ?

👉 ಎರಡನೇ ಅಭಿಪ್ರಾಯ: ಇವರು ಬೇರೇನೇ ಲೆವೆಲ್!

2022ರ ಮಾರ್ಚ್ 5. ಡ್ಯೂಕ್‌ನ ದಂತಕಥೆ ಕೋಚ್ ಮೈಕ್ ಶಶೆವ್‌ಸ್ಕಿ ಅವರಿಗೆ ತವರಿನ ಕೊನೇ ಪಂದ್ಯ, ಬೀಳ್ಕೊಡುಗೆಗೆ ಎಲ್ಲಾ ರೆಡಿ. ನಮ್ಮಲ್ಲಿ ಆಗ ಬೆಳಗಿನ ಜಾವ ನಾಲ್ಕೂವರೆ. ನಮ್ಮವರು 94-81ಕ್ಕೆ ಗೆದ್ರು! ಆರಂಭದ ಐವರಲ್ಲಿ ನಾಲ್ವರು 20 ಅಥವಾ ಅದಕ್ಕಿಂತ ಹೆಚ್ಚು ಪಾಯಿಂಟ್ ಹೊಡೆದಿದ್ರು. ಏಪ್ರಿಲ್‌ನಲ್ಲಿ ಫೈನಲ್ ಫೋರ್‌ನಲ್ಲಿ ಮತ್ತೆ ಅದೇ ಡ್ಯೂಕ್, 81-77. ಶಶೆವ್‌ಸ್ಕಿ ಅವರ ವೃತ್ತಿಜೀವನದ ಕೊನೇ ಪಂದ್ಯವೂ ಅದೇ ಆಯ್ತು. ಫೈನಲ್‌ನಲ್ಲಿ ಕ್ಯಾನ್ಸಸ್ ಎದುರು ಅರ್ಧ ಆಟಕ್ಕೆ 40-25 ಮುಂದಿದ್ದು ಕೊನೆಗೆ 72-69ಕ್ಕೆ ಸೋತ್ವಿ. ಎದೆ ಒಡೀತು ನಿಜ, ಆದ್ರೂ ಕೋಚ್ ಮೇಲಿನ ಅಭಿಮಾನ ಕಮ್ಮಿ ಆಗ್ಲಿಲ್ಲ.

ಈಗ ಅಸಲಿ ವಿಷಯಕ್ಕೆ ಬನ್ನಿ.

ಡೇವಿಸ್ ಅವರದ್ದು ಒಂದು ಅಭ್ಯಾಸ: ಆರಂಭದ ಐವರ ಮೇಲೇ ಪೂರ್ತಿ ಭರವಸೆ, ಬೆಂಚಿನಿಂದ ಒಳಗೆ ಬರೋರು ತೀರಾ ಕಮ್ಮಿ. 2022ರಲ್ಲಿ ನಾವೆಲ್ಲ ಆ ಐವರನ್ನ 'ಐರನ್ ಫೈವ್' ಅಂತ ಮೆರೆಸಿದ್ವಿ. ಮುಂದಿನ ಸೀಸನ್‌ಗೆ ಐವರಲ್ಲಿ ನಾಲ್ವರು ವಾಪಸ್ ಬಂದ್ರು. ಸೀಸನ್ ಶುರುವಾಗೋ ಮೊದಲೇ ದೇಶಕ್ಕೆ ನಂಬರ್ 1. ಕೊನೆಗೆ ಏನಾಯ್ತು ಗೊತ್ತಾ? 20 ಗೆಲುವು, 13 ಸೋಲು, ಮಾರ್ಚ್ ಟೂರ್ನಿಗೆ ಕರೆಯೇ ಬರಲಿಲ್ಲ. 1985ರಲ್ಲಿ ಟೂರ್ನಿ 64 ತಂಡಕ್ಕೆ ಬೆಳೆದ ಮೇಲೆ, ನಂಬರ್ 1 ಆಗಿ ಶುರು ಮಾಡಿದ ತಂಡವೊಂದು ಹೀಗೆ ಹೊರಗುಳಿದದ್ದು ಅದೇ ಮೊದಲು. 💔 ಆಗ ಅದೇ ಅಭ್ಯಾಸಕ್ಕೆ ಹೊಸ ಹೆಸರು ಬಂತು: ಹಟಮಾರಿತನ.

ಗಮನಿಸಿದ್ರಾ? ಗುಣ ಒಂದೇ. ಗೆದ್ದಾಗ 'ನಂಬಿಕೆ', ಸೋತಾಗ 'ಹಟ'. ಸ್ಕೋರ್‌ಬೋರ್ಡ್ ಜೊತೆಗೆ ಬದಲಾಗಿದ್ದು ನಮ್ಮ ಪದ ಮಾತ್ರ.

👉 ಮೂರನೇ ಅಭಿಪ್ರಾಯ, ಇದು ಸ್ವಲ್ಪ ನಿಧಾನವಾಗಿ ಬಂದದ್ದು.

2023ರ ಬೇಸಿಗೆಯಲ್ಲಿ ತಂಡದ ಸ್ಟಾರ್ ಕೇಲೆಬ್ ಲವ್ ಅರಿಜೋನಾಗೆ ಹೋದ್ರು. ಡೇವಿಸ್ ತಂಡವನ್ನ ಮತ್ತೆ ಕಟ್ಟಿದ್ರು: ಸ್ಟ್ಯಾನ್‌ಫರ್ಡ್‌ನಿಂದ ಹ್ಯಾರಿಸನ್ ಇಂಗ್ರಮ್, ನೋಟರ್ ಡೇಮ್‌ನಿಂದ ಕಾರ್ಮ್ಯಾಕ್ ರಯನ್. 2024ರಲ್ಲಿ ಲೀಗ್ ಅಗ್ರಸ್ಥಾನ ನಮ್ಮದು, ಲೀಗಿನ ವರ್ಷದ ಕೋಚ್ ಪ್ರಶಸ್ತಿ ಡೇವಿಸ್ ಅವರದ್ದು. ಟೂರ್ನಿಯಲ್ಲಿ ಅಲಬಾಮಾ ಎದುರು ಬರೀ ಎರಡು ಪಾಯಿಂಟ್‌ನಿಂದ ಸೋತ್ವಿ, 89-87. ಆ ಸೋಲಿನ ಬೆಳಗ್ಗೆಯೂ ನನಗೆ 'ಕೋಚ್ ಬದಲಾಯಿಸಿ' ಅಂತ ಅನ್ನಿಸಲೇ ಇಲ್ಲ. ಕೆಟ್ಟ ವರ್ಷದ ಮಾರನೇ ವರ್ಷ ಅವರು ಏನು ಮಾಡಿದ್ರು ಅಂತ ನೋಡಿದ್ದೆ, ಅಷ್ಟು ಸಾಕಿತ್ತು.

ಅದಕ್ಕೇ ಹೇಳ್ತೀನಿ, ನಿಮ್ಮ ಟೀಮ್‌ಗೆ, ನಿಮ್ಮ ಕಾಲೇಜಿಗೇ ಹೊಸ ಕೋಚ್ ಬಂದಾಗ ಮೂರು ಮ್ಯಾಚ್ ನೋಡಿ ತೀರ್ಪು ಬರೀಬೇಡಿ. ಸೋತ ಮೇಲೆ ಏನನ್ನ ಬದಲಾಯಿಸ್ತಾರೆ, ಏನನ್ನ ಬಿಡದೆ ಹಿಡ್ಕೊಳ್ತಾರೆ, ಅದನ್ನ ನೋಡಿ.

ನಿಮ್ಮ ಅಭಿಪ್ರಾಯ ಪೂರ್ತಿ ಉಲ್ಟಾ ಮಾಡಿದ ಕೋಚ್ ಯಾರು? ಕಾಮೆಂಟ್ ಮಾಡಿ 👇

#ಫ್ಯಾನ್‌ಡೈರಿ #ಬ್ಯಾಸ್ಕೆಟ್‌ಬಾಲ್ #ಕನ್ನಡದಲ್ಲಿ