ಅಕ್ಕನ ತಾಲೀಮು

ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆಗೆ ಹೋದಾಗ ನೆಲಕ್ಕೆ ಕುಳಿತು ಪ್ರಸಾದ ಉಂಡೆವು. ಎಲ್ಲರೂ ಎದ್ದರು, ನಮ್ಮ ಅಕ್ಕ ಏಳಲಿಲ್ಲ. ಅವಳಿಗೀಗ 64. ಎರಡು ಸಲ ನೆಲಕ್ಕೆ ಕೈಯೂರಿ ಸೋತು, ಕೊನೆಗೆ ನನ್ನ ಹೆಗಲು ಹಿಡಿದು ಎದ್ದಳು. ಅಂದಿನಿಂದ ಗುಡಿಗೆ ಹೋಗುವುದನ್ನೇ ಬಿಟ್ಟಳು. ಕೇಳಿದರೆ, "ವಯಸ್ಸಾತಲ್ಲೋ ತಮ್ಮಾ" ಎಂದಳು.

ಬಸವಕಲ್ಯಾಣದಲ್ಲಿ ವರ್ಷವರ್ಷವೂ ಮಕ್ಕಳಿಗೆ ಸ್ನಾಯು, ಎಲುಬಿನ ಪಾಠ ಹೇಳುವವನು ನಾನು. ಆ ಪಾಠ ಮನೆಯವರೆಗೆ ಬಂದಿರಲಿಲ್ಲವಲ್ಲ ಎಂದು ನಾಚಿಕೆಯಾಯಿತು.

ನಮ್ಮವ್ವ ನಸುಕಿನಲ್ಲಿ ಜೋಳ ಬೀಸುತ್ತಿದ್ದಳು, ಬಾವಿಯಿಂದ ನೀರು ಸೇದುತ್ತಿದ್ದಳು. ಗಿರಣಿ ಬಂತು, ನಳ ಬಂತು. ಹೆಂಗಸರ ಕಷ್ಟ ತಗ್ಗಿತು, ಒಳ್ಳೆಯದೇ ಆಯಿತು. ಆದರೆ ಭಾರದ ಕೆಲಸವಿಲ್ಲದ ಸ್ನಾಯು ವಯಸ್ಸಿನೊಂದಿಗೆ ಕರಗುತ್ತದೆ. ಮುಟ್ಟು ನಿಂತ ಮೇಲೆ ಈಸ್ಟ್ರೋಜೆನ್ ಕಡಿಮೆಯಾಗಿ ಎಲುಬೂ ಬೇಗ ಸವೆಯುತ್ತದೆ. ಆಗ ಬಿದ್ದರೆ ಮುರಿಯುವ ಭಯ.

ಹೋದ ಬಲ ಮರಳಿ ಬಾರದೇ? 1990ರಲ್ಲಿ ಅಮೆರಿಕದ ಬಾಸ್ಟನ್ ನಗರದ ಸಂಶೋಧಕರು ಒಂದು ಪ್ರಯೋಗವನ್ನು ಪ್ರಕಟಿಸಿದರು. 90ರ ಆಸುಪಾಸಿನ 10 ಮಂದಿ ದುರ್ಬಲ ವೃದ್ಧರಿಂದ 8 ವಾರ ಕಾಲಿನಿಂದ ಭಾರ ಎತ್ತಿಸಿದ್ದರು. ಪೂರೈಸಿದ 9 ಮಂದಿಯ ಕಾಲಿನ ಬಲ ಸರಾಸರಿ ಶೇ. 174ರಷ್ಟು ಹೆಚ್ಚಿತ್ತು!

ಅಕ್ಕನಿಗೆ ಹೇಳಿದೆ. "ಈ ವಯಸ್ಸಿನಾಗ ನನಗ ತಾಲೀಮು ಕಲಸ್ತೀಯೇನೋ?" ಎಂದು ನಕ್ಕಳು. ಮೊದಲು ಡಾಕ್ಟರರಿಗೆ ತೋರಿಸಿದೆವು. ಆಮೇಲೆ ಗೋಡೆಗೆ ತಾಗಿಸಿ ಕುರ್ಚಿ ಇಟ್ಟು, ಕೂಡುವುದು, ಏಳುವುದು. ಅಂಗೈಯೂರಿ ಗೋಡೆ ತಳ್ಳುವುದು. ಒಂದು ಲೀಟರ್ ನೀರೆಂದರೆ ಒಂದು ಕಿಲೋ ತಾನೇ? ಎರಡು ನೀರಿನ ಬಾಟಲಿಗಳೇ ಎತ್ತುವ ಭಾರವಾದವು. ವಾರಕ್ಕೆ ಮೂರು ದಿನ, ನಡುವೆ ಬಿಡುವು. ಉಸಿರು ಬಿಗಿಹಿಡಿಯಬಾರದು, ನೋವಾದರೆ ನಿಲ್ಲಿಸಬೇಕು. ಸುಲಭವೆನಿಸಿದಾಗ ಮಾತ್ರ ತುಸು ಹೆಚ್ಚಿಸಬೇಕು. ಗುಟ್ಟೆಲ್ಲ ಇರುವುದು ಈ "ತುಸು ಹೆಚ್ಚಿಸುವ"ದರಲ್ಲಿ. ಹೊಸ ಭಾರಕ್ಕೆ ಹೊಂದಿಕೊಳ್ಳಲೆಂದೇ ಸ್ನಾಯು ಬಲಿಯುತ್ತದೆ.

ಮೊದಲ ದಿನ ಕೈಯೂರಿ ನಾಲ್ಕೇ ಸಲ ಎದ್ದಳು. ಮೂರು ತಿಂಗಳಿಗೆ ಕೈಯೂರದೆ ಹತ್ತು ಸಲ. ಶ್ರಾವಣ ಸೋಮವಾರ ತಾನೇ ಫೋನು ಮಾಡಿದಳು: "ಗುಡಿಗೆ ಹೋಗಿ ಬಂದೆ. ಯಾರ ಹೆಗಲೂ ಹಿಡೀಲಿಲ್ಲ."

ಮಕ್ಕಳೇ, ನಿಮ್ಮ ಅವ್ವ, ಅಜ್ಜಿ ಕೈಯೂರದೆ ಕುರ್ಚಿಯಿಂದ ಏಳಬಲ್ಲರೇ? ಇಂದು ಸಂಜೆ ಪಕ್ಕದಲ್ಲಿ ನಿಂತು ನೋಡಿ. ನಾಳೆಯಿಂದ ಅವರು ಏಳಲಿ, ನೀವು ಎಣಿಸಿ.